ಒಂಬತ್ತು ಕಿಲೋದ ಕರು

ಬಂಟ್ವಾಳ ಪೇಟೆಯನ್ನು ದಾಟಿ ರಾಯಿ, ಸಿದ್ಧಕಟ್ಟೆ ಮಾರ್ಗವಾಗಿ ಮೂಡುಬಿದಿರೆಯ ಕಡೆಗೆ ಹೊರಟರೆ ನೇತ್ರಾವತಿಯ ಬಯಲು ಹಿಂದೆ ಉಳಿದು ರಸ್ತೆ ಏರತೊಡಗುತ್ತದೆ. ಎರಡೂ ಬದಿಯಲ್ಲಿ ಕೆಂಪು ಮುರಕಲ್ಲಿನ ಗುಡ್ಡಗಳು, ಅವುಗಳ ಮಡಿಲಲ್ಲಿ ಅಡಿಕೆ ತೋಟಗಳು, ನಡುನಡುವೆ ಈಚಿನ ವರ್ಷಗಳಲ್ಲಿ ಎದ್ದ ರಬ್ಬರು ತೋಪುಗಳು. ಈ ದಾರಿಯಲ್ಲಿ ಬರುವ ಪ್ರವಾಸಿಗರ ಕಣ್ಣು ಸಾಮಾನ್ಯವಾಗಿ ಮುಂದಿನ ಊರುಗಳ ಮೇಲೆಯೇ ಇರುತ್ತದೆ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ ಇದೆ, ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಬಾಹುಬಲಿ ಇದ್ದಾನೆ, ಬೆಳ್ತಂಗಡಿಯ ಬಳಿ ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದಿನ ಕೋಟೆಯನ್ನು ಹೊತ್ತ ಗಡಾಯಿಕಲ್ಲು ಇದೆ. ಆದರೆ ರಸ್ತೆಯ ಬದಿಯಲ್ಲಿ, ಬಸ್ಸಿನ ಹಾರ್ನಿಗೂ ಜಗ್ಗದೆ ಮೇಯುತ್ತಾ ನಿಂತ ಸೊಂಟದೆತ್ತರದ ಕಪ್ಪು, ಕಂದು ದನಗಳನ್ನು ಯಾರೂ ನಿಂತು ನೋಡುವುದಿಲ್ಲ. ಈ ಸುತ್ತಾಟ ಅವುಗಳಿಗಾಗಿ. ಇನ್ನೂ ಖಚಿತವಾಗಿ ಹೇಳಬೇಕೆಂದರೆ ಅವುಗಳ ಕರುಗಳ ತೂಕಕ್ಕಾಗಿ.

ಕರುವಿನ ತೂಕವೆಂದರೆ ಏನು ಮಹಾ ಎಂದು ಓದುಗರಿಗೆ ಅನ್ನಿಸಬಹುದು. ಪಶ್ಚಿಮ ದೇಶಗಳಲ್ಲಿ ಮಾಂಸಕ್ಕಾಗಿ ದನ ಸಾಕುವ ದೊಡ್ಡ ಹಿಂಡುಗಳಲ್ಲಿ ಕರು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಅದನ್ನು ತಕ್ಕಡಿಗೆ ಏರಿಸಿ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು ದಿನಚರಿಯ ಕೆಲಸ. ಹೋರಿಯನ್ನು ಕೊಳ್ಳುವಾಗ ಅದರ ಸಂತತಿ ಹುಟ್ಟುವಾಗ ಎಷ್ಟು ತೂಗುತ್ತದೆ ಎಂಬ ಅಂದಾಜನ್ನು ಮೊದಲು ಕೇಳುತ್ತಾರೆ. ಕಾರಣ ಸರಳ. ತೀರಾ ದೊಡ್ಡ ಕರು ಹೊರಬರಲಾರದೆ ತಾಯಿಯನ್ನೂ ಕೊಂಡೊಯ್ಯುತ್ತದೆ. ತೀರಾ ಸಣ್ಣ ಕರು ಹೊರಬಂದರೂ ಬದುಕಲು ತ್ರಾಣವಿರುವುದಿಲ್ಲ. ಈ ಎರಡರ ನಡುವೆ ಪ್ರತಿಯೊಂದು ತಳಿಗೂ, ಪ್ರತಿಯೊಂದು ನೆಲಕ್ಕೂ ಒಪ್ಪುವ ತೂಕ ಒಂದಿದೆ. ನಮ್ಮ ಊರಿನ ದನಕ್ಕೆ ಆ ತೂಕ ಎಷ್ಟು?

ವಿವರಣೆಗೆ ಸಿಗದ ದನ

ತುಳುವಿನಲ್ಲಿ ಇದನ್ನು ಸುಮ್ಮನೆ ‘ಊರುದ ಪೆತ್ತ’ ಎನ್ನುತ್ತಾರೆ, ಕರು ‘ಕಂಜಿ’. ಘಟ್ಟದ ಮೇಲಿನವರು ಗಿಡ್ಡ ಎನ್ನುತ್ತಾರೆ. ಸರಕಾರಿ ಲೆಕ್ಕದಲ್ಲಿ ಬಹುಕಾಲ ಇದಕ್ಕೆ ಹೆಸರೇ ಇರಲಿಲ್ಲ. ‘ನಿರ್ದಿಷ್ಟ ತಳಿಗೆ ಸೇರದವು’ ಎಂಬ ಕಾಲಮ್ಮಿನಲ್ಲಿ ಎಣಿಕೆಯಾಗುತ್ತಿತ್ತು. ಮುಂದೆ ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ‘ಮಲೆನಾಡು ಗಿಡ್ಡ’ ಎಂಬ ಹೆಸರಿನಲ್ಲಿ ಪ್ರತ್ಯೇಕ ತಳಿಯಾಗಿ ನೋಂದಾಯಿಸಿಕೊಂಡಿತು. ನಮ್ಮ ಕಡಬ ತಾಲ್ಲೂಕಿನ ಕೊಯಿಲದ ಸರಕಾರಿ ಜಾನುವಾರು ಕ್ಷೇತ್ರದಲ್ಲಿ ಇದರ ಹಿಂಡನ್ನು ಸಾಕುತ್ತಾರೆ.

ಹೆಗಲಿನ ಹತ್ತಿರ ಸುಮಾರು 90 ಸೆಂಟಿಮೀಟರ್ ಎತ್ತರ. ಎಂದರೆ ನಾಲ್ಕನೆಯ ತರಗತಿಯ ಹುಡುಗ ಅದರ ಬೆನ್ನ ಮೇಲೆ ಕೈಯೂರಿ ನಿಲ್ಲಬಹುದು. ಹಸುವಿನ ತೂಕ ನೂರು, ನೂರಿಪ್ಪತ್ತು ಕಿಲೋದ ಆಸುಪಾಸು. ಹಾಲು ದಿನಕ್ಕೆ ಒಂದರಿಂದ ಮೂರು ಲೀಟರು. ಇಷ್ಟಕ್ಕಾಗಿ ಯಾರು ದನ ಸಾಕಿಯಾರು ಎಂದು ಕೇಳಬೇಡಿ. ಹಿಂದಿನವರು ಇದನ್ನು ಸಾಕಿದ್ದು ಮುಖ್ಯವಾಗಿ ಗೊಬ್ಬರಕ್ಕೆ. ಕುಮ್ಕಿಯ ಗುಡ್ಡದಿಂದ ಸೊಪ್ಪು ತಂದು ಹಟ್ಟಿಗೆ ಹಾಕುವುದು, ದನ ಅದನ್ನು ತುಳಿದು ಗೊಬ್ಬರ ಮಾಡುವುದು, ಆ ಗೊಬ್ಬರ ಅಡಿಕೆಯ ಬುಡಕ್ಕೂ ಗದ್ದೆಗೂ ಹೋಗುವುದು. ಹಾಲು ಮನೆಯ ಮಕ್ಕಳಿಗೆ, ಹೋರಿ ನೇಗಿಲಿಗೆ.

ಇಷ್ಟು ಸಣ್ಣ ದನ ಇಲ್ಲಿಯೇ ಏಕೆ ಎಂಬುದಕ್ಕೆ ಉತ್ತರ ಕಾಲಡಿಯಲ್ಲಿಯೇ ಇದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಮಣ್ಣಿನ ಸುಣ್ಣ, ರಂಜಕಗಳೆಲ್ಲ ತೊಳೆದು ಹೋಗಿ ಕಬ್ಬಿಣ, ಅಲ್ಯುಮಿನಿಯಮ್‌ಗಳ ಆಕ್ಸೈಡು ಉಳಿದಿದೆ. ಅದೇ ಮುರಕಲ್ಲು. ಅದರ ಮೇಲೆ ಬೆಳೆಯುವ ಮುಳಿಹುಲ್ಲು ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ಕಡ್ಡಿ. ಇದನ್ನು ತಿಂದು ನಾನೂರು ಕಿಲೋದ ದೇಹವನ್ನು ನಡೆಸುವುದು ಸಾಧ್ಯವಿಲ್ಲ. ಕಡಿಮೆ ತಿಂದು, ದೂರ ನಡೆದು, ಕಡಿದಾದ ಗುಡ್ಡ ಹತ್ತಿ, ವರ್ಷಕ್ಕೊಂದು ಕರು ಹಾಕಬಲ್ಲ ದೇಹವೇ ಇಲ್ಲಿ ಉಳಿಯಿತು. ನೆರೆಯ ಕೇರಳದ ವೆಚೂರು, ಕಾಸರಗೋಡಿನ ಕುಳ್ಳ ದನಗಳದ್ದೂ ಇದೇ ಕತೆ.

ತಕ್ಕಡಿಯ ಉಪಾಯ

ಸಿದ್ಧಕಟ್ಟೆಯ ಒಳದಾರಿಯಲ್ಲಿ ಒಂದು ಹಳೆಯ ಮನೆ. ಹಟ್ಟಿಯಲ್ಲಿ ಐದು ಊರ ದನ, ಅವುಗಳಲ್ಲಿ ಒಂದು ಹಿಂದಿನ ರಾತ್ರಿ ಕರು ಹಾಕಿದೆ. ಯಾರೂ ಹತ್ತಿರ ಇರಲಿಲ್ಲವಂತೆ. ಬೆಳಿಗ್ಗೆ ಮನೆಯ ಹೆಂಗಸು ಅಕ್ಕಚ್ಚು ಕೊಂಡು ಹೋದಾಗ ಕರು ಎದ್ದು ನಿಂತು ಕೆಚ್ಚಲು ಹುಡುಕುತ್ತಿತ್ತು. “ಇವುಗಳಿಗೆ ಡಾಕ್ಟ್ರು ಯಾಕೆ ಬೇಕು?” ಎಂದು ಆಕೆ ನಕ್ಕರು.

ಕರುವನ್ನು ತೂಗುವುದು ಹೇಗೆ? ಅಡಿಕೆ ತೂಗುವ ಕೊಕ್ಕೆ ತಕ್ಕಡಿಗೆ ಗೋಣಿಯಲ್ಲಿ ಕಟ್ಟಿ ನೇತುಹಾಕಿದರೆ ಕರು ಒದೆಯುತ್ತದೆ, ತಾಯಿ ಹಾಯುತ್ತದೆ. ಅದಕ್ಕಿಂತ ಸುಲಭದ ದಾರಿ, ಮನುಷ್ಯರು ತೂಕ ನೋಡಿಕೊಳ್ಳುವ ನಿಲುವು ಯಂತ್ರ. ಮೊದಲು ಮನೆಯ ಹುಡುಗ ಒಬ್ಬನೇ ಹತ್ತಿ ನಿಂತ. ಆಮೇಲೆ ಕರುವನ್ನು ಎದೆಗವಚಿಕೊಂಡು ನಿಂತ. ಎರಡರ ವ್ಯತ್ಯಾಸ ಒಂಬತ್ತು ಕಿಲೋ. ಮೂರನೆಯ ತರಗತಿಯ ವ್ಯವಕಲನ ಸಾಕು.

ತಾಯಿಯನ್ನು ಎತ್ತಿಕೊಳ್ಳುವ ಹಾಗಿಲ್ಲವಲ್ಲ; ಅದಕ್ಕೆ ದರ್ಜಿಯ ಟೇಪು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಬಾಲದ ಬದಿಯ ಎಲುಬಿನವರೆಗಿನ ಉದ್ದದಿಂದ ಮತ್ತೆ ಗುಣಿಸಿ, 10840ರಿಂದ ಭಾಗಿಸಿದರೆ ಕಿಲೋದಲ್ಲಿ ಅಂದಾಜು ತೂಕ ಬರುತ್ತದೆ. ಸುತ್ತಳತೆ 120, ಉದ್ದ 90 ಇದ್ದರೆ ಉತ್ತರ 120 ಕಿಲೋ. ದನಗಳಲ್ಲಿ ಕರುವಿನ ತೂಕ ತಾಯಿಯ ತೂಕದ ನೂರಕ್ಕೆ ಏಳರಷ್ಟು ಎಂಬ ಒಂದು ಒರಟು ಲೆಕ್ಕವಿದೆ. ಅದರ ಪ್ರಕಾರ ಎಂಟೂವರೆ ಕಿಲೋ ಬರಬೇಕು. ನಮ್ಮ ಯಂತ್ರ ತೋರಿಸಿದ್ದು ಅದಕ್ಕೆ ದೂರವಲ್ಲ.

ಇದೇ ಹೊತ್ತಿನಲ್ಲಿ ಹುಟ್ಟುವ ಬೇರೆ ಕರುಗಳನ್ನು ಪಕ್ಕದಲ್ಲಿಟ್ಟು ನೋಡೋಣ. ಜರ್ಸಿಯ ಕರು ಸುಮಾರು 25 ಕಿಲೋ. ಕಪ್ಪುಬಿಳುಪಿನ ಹೋಲ್‌ಸ್ಟೀನ್ ಫ್ರೀಸಿಯನ್, ನಮ್ಮವರ ಬಾಯಲ್ಲಿ ‘ಎಚ್ಚೆಫ್’, ಸುಮಾರು 40 ಕಿಲೋ. ಫ್ರಾನ್ಸಿನ ಮಾಂಸದ ತಳಿ ಶಾರೊಲೆ 45 ಕಿಲೋದ ಹತ್ತಿರ. ಬೆಲ್ಜಿಯಮಿನ ನೀಲಿ ತಳಿಯೊಂದಿದೆ. ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಜೀನು ಅದರಲ್ಲಿ ಕೆಟ್ಟಿದೆ ಎಂಬುದು 1997ರಲ್ಲಿ ಪತ್ತೆಯಾಯಿತು. ಕರುವಿನ ತೊಡೆ, ಭುಜಗಳು ಎಷ್ಟು ದಪ್ಪವೆಂದರೆ ಆ ತಳಿಯ ಬಹುಪಾಲು ಹಸುಗಳ ಹೊಟ್ಟೆ ಕೊಯ್ದೇ ಕರು ತೆಗೆಯಬೇಕು. ಮಾಂಸದಂಗಡಿಯ ಲಾಭಕ್ಕಾಗಿ ಹೆರಿಗೆಯನ್ನೇ ಶಸ್ತ್ರಚಿಕಿತ್ಸೆಯಾಗಿ ಮಾಡಿದ ಉದಾಹರಣೆ ಅದು.

ತಾಯಿಯ ಮಾತೇ ಹೆಚ್ಚು

ಮೂಡುಬಿದಿರೆಗೆ ಬಂದರೆ ದೃಶ್ಯ ಬದಲಾಗುತ್ತದೆ. ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಸುತ್ತ ಬೆಳಿಗ್ಗೆ ಹಾಲಿನ ಕ್ಯಾನುಗಳು ಸೊಸೈಟಿಯತ್ತ ಸಾಗುತ್ತವೆ. 1986ರಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟ ಹುಟ್ಟಿದ ಮೇಲೆ ಹಳ್ಳಿಯ ಹಾಲಿಗೆ ಖಚಿತವಾದ ಮಾರುಕಟ್ಟೆ ಸಿಕ್ಕಿತು. ಎರಡು ಲೀಟರಿನ ದನ ನಿಂತಿದ್ದ ಹಟ್ಟಿಯಲ್ಲಿ ಹತ್ತು ಲೀಟರಿನ ಮಿಶ್ರತಳಿ ಬಂದು ನಿಂತಿತು. ಎಷ್ಟೋ ಮನೆಗಳ ಮಕ್ಕಳ ಶಾಲೆಯ ಫೀಸು, ಹೆಣ್ಣುಮಕ್ಕಳ ಕೈಯ ಕಾಸು ಈ ಕ್ಯಾನಿನಿಂದ ಬಂದದ್ದು. ಅದನ್ನು ಹಗುರಾಗಿ ಮಾತನಾಡುವುದು ತಪ್ಪಾಗುತ್ತದೆ.

ಹೆಸರಘಟ್ಟದಂಥ ಕೇಂದ್ರಗಳಿಂದ ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯ ಚಳಿಯಲ್ಲಿ ಮಲಗಿ ಬಂದ ವೀರ್ಯದ ಕಡ್ಡಿ, ಹಳ್ಳಿಯ ಗಿಡ್ಡ ಹಸುವಿನಲ್ಲಿ ಜರ್ಸಿಯ ಕರುವನ್ನು ಹುಟ್ಟಿಸಿತು. ಇಲ್ಲಿ ಒಂದು ಪ್ರಶ್ನೆ. ಒಂಬತ್ತು ಕಿಲೋದ ಕರು ಹಾಕುವ ತಾಯಿ, ಇಪ್ಪತ್ತೈದು ಕಿಲೋದ ಕರುವಾಗಿ ಹುಟ್ಟಿದ್ದ ತಂದೆ. ಅವುಗಳ ಕರು ಎಷ್ಟು ತೂಗಬೇಕು? ಸರಾಸರಿ ತೆಗೆದು ಹದಿನೇಳು ಎಂದರೆ ಲೆಕ್ಕ ಸರಿ, ಜೀವಶಾಸ್ತ್ರ ಸರಿಯಲ್ಲ.

1938ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬಿಬ್ಬರು ವಿಜ್ಞಾನಿಗಳು ಇದನ್ನು ಕುದುರೆಗಳಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ಗಾಡಿ ಎಳೆಯುವ ದೈತ್ಯ ಶೈರ್ ಕುದುರೆ ಮತ್ತು ಪುಟ್ಟ ಶೆಟ್ಲೆಂಡ್ ಪೋನಿ. ಕೃತಕ ಗರ್ಭಧಾರಣೆಯಿಂದ ಎರಡೂ ಬಗೆಯಲ್ಲಿ ಸಂಕರ ಮಾಡಿದರು: ದೊಡ್ಡ ತಾಯಿಗೆ ಸಣ್ಣ ತಂದೆ, ಸಣ್ಣ ತಾಯಿಗೆ ದೊಡ್ಡ ತಂದೆ. ಎರಡು ಮರಿಗಳ ಆನುವಂಶಿಕ ಬಂಡವಾಳ ಹೆಚ್ಚುಕಡಿಮೆ ಒಂದೇ. ಆದರೂ ದೊಡ್ಡ ತಾಯಿಯ ಹೊಟ್ಟೆಯಲ್ಲಿ ಬೆಳೆದ ಮರಿ ಸಣ್ಣ ತಾಯಿಯ ಮರಿಗಿಂತ ಮೂರು ಪಟ್ಟು ಭಾರವಾಗಿತ್ತು. ಎಷ್ಟು ರಕ್ತ, ಎಷ್ಟು ಆಹಾರ, ಎಷ್ಟು ಜಾಗ ಎಂಬುದನ್ನು ತಾಯಿಯ ಗರ್ಭಕೋಶ ನಿರ್ಧರಿಸುತ್ತದೆ. ತಂದೆ ಹಾಕಿದ ನಕ್ಷೆಯನ್ನು ತಾಯಿ ತನ್ನ ಮನೆಗೆ ತಕ್ಕಂತೆ ತಿದ್ದುತ್ತಾಳೆ ಎನ್ನಬಹುದು.

ದನಗಳಲ್ಲಿಯೂ ಇದಕ್ಕೆ ಸಾಕ್ಷಿಯಿದೆ. ಅದರಲ್ಲಿ ಕನ್ನಡ ನಾಡಿನ ಪಾಲೂ ಇದೆ. ಅಮೆರಿಕದ ಬ್ರಾಹ್ಮನ್ ಎಂಬ ಮಾಂಸದ ತಳಿ ನಮ್ಮ ದೇಶದ ಗಿರ್, ಕಾಂಕ್ರೇಜ್, ಓಂಗೋಲ್ ದನಗಳ ಜೊತೆಗೆ ನಮ್ಮದೇ ಕೃಷ್ಣಾ ಕಣಿವೆ ದನಗಳ ರಕ್ತದಿಂದ ಕಟ್ಟಿದ್ದು. ಈ ಬ್ರಾಹ್ಮನ್ ಹಸುವಿಗೆ ಯೂರೋಪಿನ ಹೋರಿಯಾದರೆ ಕರು ಸಣ್ಣದಾಗಿ ಹುಟ್ಟುತ್ತದೆ. ಯೂರೋಪಿನ ಹಸುವಿಗೆ ಬ್ರಾಹ್ಮನ್ ಹೋರಿಯಾದರೆ ಎರಡೂ ತಳಿಗಳಿಗಿಂತ ಭಾರದ ಕರು ಹುಟ್ಟಿ ಹೆರಿಗೆ ಕಷ್ಟವಾಗುತ್ತದೆ. ಅಲ್ಲಿನ ದನಗಾಹಿಗಳಿಗೆ ಇದು ಬಾಯಿಪಾಠ.

ಬಾಗಿಲಿನ ಅಳತೆ

ಹಾಗಾದರೆ ತಾಯಿ ಎಲ್ಲವನ್ನೂ ನೋಡಿಕೊಳ್ಳುತ್ತಾಳೆ, ಯಾವ ಹೋರಿಯಾದರೇನು ಎಂದು ನೆಮ್ಮದಿಯಿಂದ ಕೂರಬಹುದೇ? ವೇಣೂರಿನ ಆಚೆ, ಫಲ್ಗುಣಿ ನದಿಯಿಂದ ಸ್ವಲ್ಪ ದೂರದ ಒಂದು ಮನೆಯವರು ಹೇಳಿದ್ದನ್ನು ಕೇಳಿದ ಮೇಲೆ ಹಾಗೆ ಕೂರುವಂತಿಲ್ಲ. ಅವರ ಹಟ್ಟಿಯಲ್ಲಿ ಹುಟ್ಟಿದ ಅರೆಜರ್ಸಿ ಕಡಸು, ಮೈಕಟ್ಟಿನಲ್ಲಿ ಊರ ದನವನ್ನೇ ಹೋಲುತ್ತಿದ್ದುದು. ಹಾಲು ಇನ್ನೂ ಹೆಚ್ಚಲಿ ಎಂದು ಎಚ್ಚೆಫ್ ಕೊಡಿಸಿದರು. ದಿನ ತುಂಬಿದ ರಾತ್ರಿ ಕರುವಿನ ಮುಂಗಾಲು ಎರಡೂ ಕಂಡವು, ತಲೆ ಮುಂದೆ ಬರಲಿಲ್ಲ. ಆಷಾಢದ ಮಳೆ, ತೋಡು ತುಂಬಿ ದಾರಿ ಮುಚ್ಚಿತ್ತು. ಬೆಳಗಾದ ಮೇಲೆ ನಾಲ್ಕು ಜನ ಹಗ್ಗ ಹಾಕಿ ಎಳೆದಾಗ ಕರು ಸತ್ತೇ ಬಂತು. ಕಡಸು ಏಳಲಾರದೆ ಮೂರನೆಯ ದಿನ ಹೋಯಿತು. “ದುಡ್ಡು ಹೋದದ್ದು ಮತ್ತೆ ಬರ್ತದೆ. ಅದು ರಾತ್ರಿಯಿಡೀ ನಮ್ಮನ್ನೇ ನೋಡ್ತಾ ಇತ್ತು” ಎಂದು ಮನೆಯ ಯಜಮಾನರು ಮಾತು ನಿಲ್ಲಿಸಿದರು.

ತಾಯಿ ಕರುವನ್ನು ತಡೆಯುತ್ತಾಳೆ, ನಿಜ. ಆದರೆ ತಂದೆಯ ಜೀನುಗಳ ಒತ್ತಡ ಇಲ್ಲವಾಗುವುದಿಲ್ಲ. ಎಚ್ಚೆಫ್ ಹಸುವಿನ ಎತ್ತರ ಸುಮಾರು 145 ಸೆಂಟಿಮೀಟರ್, ಗಿಡ್ಡದ್ದು 90. ಉದ್ದಗಲಗಳಲ್ಲಿ ಅದು ಇದರ 1.6 ಪಟ್ಟು. ಉದ್ದ 1.6 ಪಟ್ಟಾದರೆ ಗಾತ್ರ ಮತ್ತು ತೂಕ ಅದರ ಘನದಷ್ಟು, ಎಂದರೆ ನಾಲ್ಕು ಪಟ್ಟಿಗೂ ಮೇಲಾಗುತ್ತದೆ. ಒಂಬತ್ತು ಕಿಲೋದ ಕರುವನ್ನು ಹೀಗೆ ಹಿಗ್ಗಿಸಿದರೆ ಮೂವತ್ತೇಳು ಕಿಲೋ ಆಗುತ್ತದೆ. ಎಚ್ಚೆಫ್ ಕರುವಿನ ನಲವತ್ತಕ್ಕೆ ಅದು ಹತ್ತಿರ. 1638ರಲ್ಲಿ ಗೆಲಿಲಿಯೊ ಬರೆದ ಲೆಕ್ಕ ನಮ್ಮ ಹಟ್ಟಿಯಲ್ಲಿಯೂ ನಡೆಯುತ್ತದೆ. ಆದರೆ ಹೊಟ್ಟೆ ಹಿಗ್ಗಬಹುದು, ಸೊಂಟದ ಎಲುಬಿನ ಬಾಗಿಲು ಹಿಗ್ಗದು. ಕರುವಿನ ತೂಕದಲ್ಲಿ ಕೆಲವೇ ಕಿಲೋ ಹೆಚ್ಚಾದರೂ ಅದರ ಭುಜ ಮತ್ತು ಹಣೆ ಆ ಬಾಗಿಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಚೊಚ್ಚಲ ಕಡಸುಗಳಲ್ಲಿ, ಇನ್ನೂ ಬೆಳೆಯುತ್ತಿರುವ ಎಲುಬಿನಲ್ಲಿ, ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಗುಡ್ಡಗಾಡಿನ ಸಣ್ಣ ಹಸುವಿಗೆ ಜರ್ಸಿ ಸಾಕು, ಎಚ್ಚೆಫ್ ಬೇಡ ಎಂದು ತಳಿಶಾಸ್ತ್ರದವರು ಹೇಳುತ್ತ ಬಂದದ್ದು ಇದಕ್ಕಾಗಿಯೇ.

ಗಂಡು ಕರು ಹೆಣ್ಣಿಗಿಂತ ಸ್ವಲ್ಪ ಭಾರ; ಒಂದೆರಡು ದಿನ ಹೆಚ್ಚು ಗರ್ಭದಲ್ಲಿಯೂ ಇರುತ್ತದೆ. ನೇಗಿಲಿನ ಕಾಲದಲ್ಲಿ ಅದಕ್ಕೆ ಬೆಲೆಯಿತ್ತು. ಟಿಲ್ಲರು ಬಂದ ಮೇಲೆ ತಾಯಿಗೆ ಹೆಚ್ಚು ನೋವು ಕೊಟ್ಟು ಹುಟ್ಟುವ ಕರುವೇ ಮನೆಯವರ ಮುಖ ಸಪ್ಪಗಾಗಿಸುವ ಕರುವೂ ಆಗಿದೆ.

ಕರು ದೊಡ್ಡದಾದೀತೆಂದು ಕೊನೆಯ ತಿಂಗಳುಗಳಲ್ಲಿ ಹಿಂಡಿ, ತೌಡು ನಿಲ್ಲಿಸುವ ರೂಢಿ ಕೆಲವೆಡೆ ಇದೆ. ಕರುವಿನ ಮೂರನೇ ಎರಡು ಪಾಲಿಗೂ ಹೆಚ್ಚು ತೂಕ ಕೊನೆಯ ಮೂರು ತಿಂಗಳಲ್ಲಿ ಸೇರುತ್ತದೆ ಎಂಬುದು ನಿಜವೇ. ಆದರೆ ಉಪವಾಸದಿಂದ ಕರುವಿನ ತೂಕ ಇಳಿಯುವಷ್ಟರಲ್ಲಿ ತಾಯಿಯ ತ್ರಾಣ ಇಳಿದಿರುತ್ತದೆ, ಗಿಣ್ಣು ಹಾಲು ಬಡವಾಗಿರುತ್ತದೆ. ಬಾಗಿಲು ಸಣ್ಣದೆಂದು ಮನೆಯವರಿಗೆ ಊಟ ಕಡಿಮೆ ಮಾಡಿದ ಹಾಗೆ ಅದು. ಯೋಚಿಸಬೇಕಾದದ್ದು ಹೋರಿ ಆರಿಸುವ ದಿನ.

ಗಡಾಯಿಕಲ್ಲಿನ ನೆರಳಲ್ಲಿ

ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಬರುವಾಗ ಪಶ್ಚಿಮ ಘಟ್ಟ ಎದುರಿಗೆ ಗೋಡೆಯ ಹಾಗೆ ನಿಲ್ಲುತ್ತದೆ. ಗಡಾಯಿಕಲ್ಲು ಅದರ ಮುಂದೆ ಕಾವಲುಗಾರನ ಹಾಗೆ. ಘಟ್ಟದ ಬುಡವಾದ್ದರಿಂದ ಮಳೆ ಇನ್ನೂ ಜೋರು. ಇಲ್ಲಿ ಕರುವಿನ ತೂಕದ ಇನ್ನೊಂದು ಮುಖ ಕಾಣುತ್ತದೆ. ದೇಹ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತೀರ್ಣ ಹೆಚ್ಚು, ಆದ್ದರಿಂದ ಶಾಖ ಬೇಗ ಸೋರುತ್ತದೆ. ಅಮೆರಿಕದ ನೆಬ್ರಾಸ್ಕದಲ್ಲಿ ಚಳಿ ಹೆಚ್ಚಿದ ವರ್ಷಗಳಲ್ಲಿ ಕರುಗಳು ಹೆಚ್ಚು ತೂಕವಾಗಿ ಹುಟ್ಟುವುದನ್ನು ಗಮನಿಸಿದ್ದಾರೆ. ನಮ್ಮ ಸೆಕೆಯ ನಾಡಿನಲ್ಲಿ ಸಣ್ಣ ಮೈ ಅನುಕೂಲವೇ. ಆದರೆ ಜುಲೈಯ ಸೋರುವ ಹಟ್ಟಿಯಲ್ಲಿ, ಒದ್ದೆ ಮೈಯಲ್ಲಿ ಬಿದ್ದ ಒಂಬತ್ತು ಕಿಲೋದ ಕರುವಿಗೆ ಅದೇ ಅಪಾಯ.

ಅದಕ್ಕೆ ಹಳಬರು ಮಾಡುತ್ತಿದ್ದ ಉಪಾಯಗಳು ಈಗಲೂ ಸಲ್ಲುತ್ತವೆ. ತಾಯಿ ನೆಕ್ಕಲು ಬಿಡುವುದು, ಒಣಗಿದ ಬೈಹುಲ್ಲಿನಿಂದ ತಿಕ್ಕುವುದು, ಕೆಳಗೆ ಒಣ ತರಗೆಲೆ ಹಾಸುವುದು. ಎಲ್ಲಕ್ಕಿಂತ ಮುಖ್ಯ ಗಿಣ್ಣು ಹಾಲು. ಮನುಷ್ಯರ ಶಿಶುವಿಗೆ ರೋಗ ತಡೆಯುವ ಪ್ರತಿಕಾಯಗಳು ಗರ್ಭದಲ್ಲಿಯೇ ತಾಯಿಯಿಂದ ದಾಟುತ್ತವೆ, ದನದಲ್ಲಿ ಹಾಗಲ್ಲ. ಕರುವಿಗೆ ಅವು ಸಿಗುವುದು ಗಿಣ್ಣಿನಿಂದ ಮಾತ್ರ. ಕರುಳಿನ ಗೋಡೆ ಅವನ್ನು ಹಾಗೆಯೇ ಒಳಗೆ ಬಿಡುವುದು ಮೊದಲ ದಿನ ಮಾತ್ರ, ಅದೂ ಗಂಟೆಗಂಟೆಗೆ ಕಡಿಮೆಯಾಗುತ್ತಾ. ಆದ್ದರಿಂದ ಕಸ ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದೆಂದು ಕಾಯುವುದು ಸರಿಯಲ್ಲ. ಕರುವಿನ ತೂಕದ ಹತ್ತನೆಯ ಒಂದು ಪಾಲು ಗಿಣ್ಣು ಮೊದಲ ದಿನ ಹೊಟ್ಟೆಗೆ ಹೋಗಬೇಕು, ಅದರ ಅರ್ಧವಾದರೂ ಮೊದಲ ಆರು ಗಂಟೆಯೊಳಗೆ. ಒಂಬತ್ತು ಕಿಲೋದ ಕರುವಿಗೆ ಸುಮಾರು ಒಂದು ಲೀಟರು. ನಲವತ್ತು ಕಿಲೋದ್ದಕ್ಕೆ ನಾಲ್ಕು.

ಈ ಲೆಕ್ಕದಲ್ಲಿಯೇ ಇಡೀ ತಳಿಯ ಗುಟ್ಟಿದೆ. ದಿನಕ್ಕೆ ಎರಡು ಲೀಟರು ಕೊಡುವ ಗಿಡ್ಡ ಹಸು ಒಂದು ಲೀಟರಿನಲ್ಲಿ ತನ್ನ ಕರುವನ್ನು ಸಾಕಿ, ಇನ್ನೊಂದನ್ನು ಮನೆಯವರಿಗೆ ಕೊಡುತ್ತದೆ. ಅದರ ಹೊಟ್ಟೆಯಲ್ಲಿ ನಾಲ್ಕು ಲೀಟರು ಬೇಡುವ ಕರು ಹುಟ್ಟಿದರೆ, ಹೆರಿಗೆ ಸಸೂತ್ರವಾದರೂ ಕೆಚ್ಚಲು ಸಾಲದು. ಹುಲ್ಲು, ತಾಯಿಯ ಮೈ, ಸೊಂಟದ ಬಾಗಿಲು, ಕೆಚ್ಚಲು, ಕರು, ಎಲ್ಲ ಒಂದೇ ಅಳತೆಗೆ ಹೊಂದಿಕೊಂಡಿವೆ. ಒಂದನ್ನು ಬದಲಿಸಿದವರು ಉಳಿದವನ್ನೂ ಒದಗಿಸಬೇಕು: ಹಸಿಹುಲ್ಲಿನ ತಾಕು, ಹಿಂಡಿ, ಗಾಳಿಯಾಡುವ ಹಟ್ಟಿ, ಕರೆದರೆ ಬರುವ ಪಶುವೈದ್ಯರು. ಒದಗಿಸಿದವರು ಗೆದ್ದಿದ್ದಾರೆ, ಬೆಳ್ತಂಗಡಿಯ ಸುತ್ತ ಅಂಥ ಹಟ್ಟಿಗಳು ಬೇಕಾದಷ್ಟಿವೆ.

ಪುಂಜಾಲಕಟ್ಟೆ, ವಗ್ಗ ಮಾರ್ಗವಾಗಿ ಮರಳುವಾಗ ಕಾರಿಂಜದ ಕಲ್ಲಿನ ಬೆಟ್ಟ ಕಾಣಿಸುತ್ತದೆ. ಅದರ ಸುತ್ತಲ ಗುಡ್ಡಗಳಲ್ಲಿ ಹಿಂದೆ ಮೇಯುತ್ತಿದ್ದಷ್ಟು ದನ ಈಗಿಲ್ಲ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ವಿದೇಶಿ ಮತ್ತು ಮಿಶ್ರತಳಿ ದನಗಳು ಹಿಂದಿನ ಗಣತಿಗಿಂತ ನೂರಕ್ಕೆ 26.9ರಷ್ಟು ಹೆಚ್ಚಿ 5 ಕೋಟಿ ದಾಟಿವೆ. ನಾಡದನಗಳು ನೂರಕ್ಕೆ 6ರಷ್ಟು ಕಡಿಮೆಯಾಗಿವೆ. ಇನ್ನೂ 14 ಕೋಟಿ ಇವೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ಕೇರಳದ ವೆಚೂರು ದನ ಇಲ್ಲವಾಗುವ ಹಂತಕ್ಕೆ ಬಂದದ್ದೂ ಹೀಗೆಯೇ. 1989ರಲ್ಲಿ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಸೋಸಮ್ಮ ಐಪ್ ತಮ್ಮ ವಿದ್ಯಾರ್ಥಿಗಳೊಂದಿಗೆ ಹಳ್ಳಿಹಳ್ಳಿ ತಿರುಗಿ ಉಳಿದಿದ್ದ ಕೆಲವನ್ನು ಹುಡುಕಿ ತರದಿದ್ದರೆ ಆ ತಳಿ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಮ್ಮಲ್ಲಿ ಹುಡುಕಿಕೊಂಡು ಹೋಗಬೇಕಾದ ಸ್ಥಿತಿ ಇನ್ನೂ ಬಂದಿಲ್ಲ. ಊರ ದನ ಇರುವ ಮನೆಯವರು ಮಾಡಬಹುದಾದ್ದು ದೊಡ್ಡದೇನಲ್ಲ. ಕಡಸನ್ನು ವಯಸ್ಸು ನೋಡಿ ಕಟ್ಟಿಸುವ ಬದಲು ಟೇಪು ಹಿಡಿದು ತೂಕ ನೋಡಿ, ಬೆಳೆದ ಹಸುವಿನ ತೂಕದ ನೂರಕ್ಕೆ ಅರುವತ್ತರಷ್ಟಾದ ಮೇಲೆ ಕಟ್ಟಿಸುವುದು. ಚೊಚ್ಚಲಿಗೆ ಸಣ್ಣ ತಳಿಯ ಹೋರಿಯನ್ನೇ ಕೇಳಿ ಪಡೆಯುವುದು. ಹಟ್ಟಿಯಲ್ಲಿ ಎರಡು ಮಿಶ್ರತಳಿ ಇದ್ದರೂ ಒಂದು ಊರ ದನವನ್ನು ಊರ ಹೋರಿಗೇ ಬಿಡುವುದು. ಮತ್ತೆ, ಕರು ಹುಟ್ಟಿದ ದಿನ ಮನೆಯ ಹುಡುಗನ ಕೈಗೆ ಕೊಟ್ಟು ತೂಗಿ, ತಾರೀಕು, ತಾಯಿ, ಹೋರಿ, ಕಿಲೋ ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದು. ಸೊಸೈಟಿಯ ಹಾಲಿನ ಪುಸ್ತಕದಲ್ಲಿ ಲೀಟರಿಗೂ ಜಿಡ್ಡಿಗೂ ಜಾಗವಿದೆ. ಕರುವಿನ ತೂಕದ ಲೆಕ್ಕವನ್ನು ಮನೆಯವರೇ ಇಡಬೇಕು. ಹತ್ತು ಕರುಗಳ ತೂಕ ಹೀಗೆ ಬರೆದಿಟ್ಟ ಮನೆಯಲ್ಲಿ, ಹನ್ನೊಂದನೆಯ ಕರುವಿಗೆ ಯಾವ ಹೋರಿ ಎಂಬ ಪ್ರಶ್ನೆಗೆ ಉತ್ತರ ಹೇಳಲು ಪಟ್ಟಣದಿಂದ ಯಾರೂ ಬರಬೇಕಾಗಿಲ್ಲ.